ಹರಿಣಾಕ್ಷಿಯ ಮೊಣಕೈ

ಮೋಹನದಾಸನ ಮೈಯಲ್ಲಿ ನೋಯದ ಜಾಗವೆಂದರೆ ಉಗುರು ಮತ್ತು ಕೂದಲು. ಕೂದಲು ಬಹುಮಟ್ಟಿಗೆ ಉದುರಿಹೋಗಿದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ. ಸೋಮವಾರ ಹೆಗಲಿನಲ್ಲಿ ಹುಟ್ಟಿದ ನೋವು ಮಂಗಳವಾರ ಸೊಂಟಕ್ಕಿಳಿದು, ಬುಧವಾರ ಮೊಣಕಾಲಿನಲ್ಲಿ ತಂಗಿ, ವಾರ ಮುಗಿಯುವ ಹೊತ್ತಿಗೆ ಇಡೀ ಮೈಯಲ್ಲಿ ಬಿಡಾರ ಹೂಡಿರುತ್ತಿತ್ತು. ಹೀಗೆ ಮೂರು ವರ್ಷ.

ಬಾರ್ಕೂರಿನಿಂದ ನಾಸಿಕಕ್ಕೆ ಬಂದು ಸಾತಪುರದ ಕಾರ್ಖಾನೆಗಳ ಎದುರು ಸಸ್ಯಾಹಾರಿ ಹೋಟೆಲು ಇಟ್ಟವನು ಅವನು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಮೊದಲ ಪಾಳಿಯವರು ಬೈಕಿನ ಮೇಲಿಂದಲೇ ಇಡ್ಲಿ ಕೇಳುತ್ತಿದ್ದರು. ಮೋಹನದಾಸ ದುಡ್ಡಿನ ಗಲ್ಲೆಯ ಹಿಂದೆ ಕೂತು, ಒಂದು ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಟೋಕನ್ ಕೊಡುತ್ತಿದ್ದ. ಗಿರಾಕಿಗಳೆಲ್ಲ ಅವನನ್ನು ಅಣ್ಣಾ ಎನ್ನುತ್ತಿದ್ದರು. "ಅಣ್ಣಾ, ಇವತ್ತು ಎಲ್ಲಿ?" ಎಂದು ಕೇಳುವುದು ಅವರಿಗೆ ಚಟ್ನಿ ಕೇಳಿದಷ್ಟೇ ರೂಢಿಯಾಗಿತ್ತು.

ಎಲುಬಿನ ಡಾಕ್ಟರು ಎಲುಬು ಉತ್ತಮವಾಗಿದೆ ಎಂದರು. ನರದ ಡಾಕ್ಟರು ನರ ಉತ್ತಮ ಎಂದರು. ರಕ್ತವನ್ನು ನಾಲ್ಕು ಸಲ ತೆಗೆದು ನಾಲ್ಕು ಸಲವೂ ನಾರ್ಮಲ್ ಎಂದು ಬರೆದುಕೊಟ್ಟರು. ನಾರ್ಮಲ್ ಎಂಬ ಪದ ಕೇಳಿದರೆ ಮೋಹನದಾಸನಿಗೆ ಯಾರೋ ಮುಖದ ಮೇಲೆ ಬೈದಂತಾಗುತ್ತಿತ್ತು. ನಿಫಾಡಿನಿಂದ ತರಕಾರಿ ತರುವ ಟೆಂಪೋದವನು ದ್ರಾಕ್ಷಿತೋಟದ ಮಣ್ಣು ಬಳಿದುಕೊಳ್ಳಲು ಹೇಳಿದ. ಬಳಿದುಕೊಂಡ. ಮಣ್ಣು ಒಣಗಿ ಉದುರಿತು, ನೋವು ಉದುರಲಿಲ್ಲ.

ನಿದ್ರೆಯ ಬಗ್ಗೆ ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಉಪಯೋಗವಿರಲಿಲ್ಲ. "ನಾನು ಮಲಗುದೇ ನಾಲ್ಕು ಗಂಟೆ. ಹೋಟೆಲಿನವನಿಗೆ ಅಷ್ಟು ಸಾಕು" ಎಂದು ಅವನು ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಿದ್ದ. ವಾಸ್ತವದಲ್ಲಿ ರಾತ್ರಿ ಹತ್ತಕ್ಕೆ ಬಿದ್ದವನನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಬೇಕಿತ್ತು. ಮಧ್ಯಾಹ್ನ ಮೂರಕ್ಕೆ ಗಲ್ಲೆಯ ಮೇಲೆ ಗಲ್ಲ ಊರುತ್ತಿದ್ದ. ಅದಕ್ಕೆ ಅವನು ಇಟ್ಟ ಹೆಸರು 'ಯೋಚನೆ'.

ಇನ್ನು ಗೊರಕೆ. ಗೊರಕೆ ತನಗಿಲ್ಲ ಎಂದು ಮೋಹನದಾಸ ದೃಢವಾಗಿ ನಂಬಿದ್ದ. ಇದಕ್ಕೆ ಕಾರಣ ಅವನ ಸೋದರಮಾವ. ಅವರು ಒಂದು ಮದುವೆಮನೆಯಲ್ಲಿ ಊಟವಾದ ಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆದಾಗ ಇಪ್ಪತ್ತು ಮಕ್ಕಳು ಸುತ್ತ ನಿಂತು ನಕ್ಕಿದ್ದರು. ಆ ಇಪ್ಪತ್ತರಲ್ಲಿ ಮೋಹನದಾಸನೂ ಒಬ್ಬ. ಆಗಲೇ ಅವನು ತಾನು ಅಂಥವನಾಗುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದ, ತೀರ್ಮಾನದಿಂದ ಗೊರಕೆ ನಿಲ್ಲುತ್ತದೆ ಎಂಬಂತೆ. ಒಮ್ಮೆ ಹೆಂಡತಿ ಹರಿಣಾಕ್ಷಿ ಮೊಬೈಲಿನಲ್ಲಿ ರೆಕಾರ್ಡು ಮಾಡಿ ಕೇಳಿಸಿದಳು. ಅವನು ಕಿವಿಗೊಟ್ಟು ಪೂರ್ತಿ ಕೇಳಿ, "ಇದು ಲಾರಿ. ಹಿಂದಿನ ರಸ್ತೆಯದ್ದು" ಎಂದ.

ಆದರೆ ಹರಿಣಾಕ್ಷಿಗೆ ತೊಂದರೆ ಗೊರಕೆಯಿಂದಲ್ಲ. ಗೊರಕೆ ನಿಂತಾಗ. ಗುಡುಗುಡು ಎನ್ನುತ್ತಿದ್ದ ಮನುಷ್ಯ ಒಮ್ಮೆಲೇ ಸದ್ದಿಲ್ಲದಾಗುತ್ತಿದ್ದ. ಎದೆ ಏರುವುದಿಲ್ಲ, ಇಳಿಯುವುದಿಲ್ಲ. ಅವಳು ಕತ್ತಲಲ್ಲಿ ಒಂದರಿಂದ ಹತ್ತು ಎಣಿಸುತ್ತಿದ್ದಳು. ಹತ್ತಕ್ಕೂ ಉಸಿರು ಬಾರದಿದ್ದರೆ ಎಡಪಕ್ಕೆಗೆ ಮೊಣಕೈಯಿಂದ ಒಂದು ತಿವಿತ. ಮಂಚ ದಢ್ ಎನ್ನುತ್ತಿತ್ತು, ಅವನು "ಅಯ್ಯೋ" ಎಂದು ಹೊರಳುತ್ತಿದ್ದ, ಲಾರಿ ಮತ್ತೆ ಹೊರಡುತ್ತಿತ್ತು. ಅವಳು ಮುಂದಿನ ನಿಲ್ದಾಣಕ್ಕಾಗಿ ಕಾಯುತ್ತಿದ್ದಳು.

ಇವರ ಮನೆ ಮೂರನೇ ಮಹಡಿಯಲ್ಲಿ. ಅದರ ಸರಿಯಾಗಿ ಕೆಳಗೆ, ಎರಡನೆಯದರಲ್ಲಿ, ಕಟ್ಟಡದ ನಿವಾಸಿಗಳ ಸೊಸೈಟಿಯ ಕಾರ್ಯದರ್ಶಿ ನಾರಾಯಣಸ್ವಾಮಿಯವರು. ಮೈಸೂರು ಕಡೆಯವರು, ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಎಂಜಿನ್ನಿನ ಸದ್ದು ಕೇಳಿಯೇ ಯಾವ ತಿರುಪು ಸಡಿಲ ಎಂದು ಹೇಳುತ್ತಿದ್ದರಂತೆ. ಈಗ ಕೇಳಲು ಎಂಜಿನ್ನಿರಲಿಲ್ಲ. ವಯಸ್ಸಿನ ಕಾರಣ ನಿದ್ರೆಯೂ ಇರಲಿಲ್ಲ. ಹೀಗಾಗಿ ಮೇಲಿನ ಮನೆಯನ್ನು ಕೇಳುತ್ತಿದ್ದರು.

ಒಂದು ಭಾನುವಾರ ಇಬ್ಬರೂ ಪಾರ್ಕಿಂಗಿನ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದಾಗ ಮೋಹನದಾಸ ಪುರವಣಿಗೆ ಕೈ ಚಾಚಿದ. ಅಂಗಿ ಮೇಲೆ ಸರಿಯಿತು.

"ಇದೇನ್ ಇವ್ರೇ, ಪಕ್ಕೆ ನೀಲಿಗಟ್ಟಿದೆ" ಎಂದರು ನಾರಾಯಣಸ್ವಾಮಿ.

ನಿಜ ಹೇಳಬೇಕೆಂದರೆ ಗೊರಕೆ ಎಂಬ ಪದ ಬಾಯಿಂದ ಬರಬೇಕಿತ್ತು. ಮೋಹನದಾಸ ಅಂಗಿ ಎಳೆದುಕೊಂಡ. "ಬಾತ್‌ರೂಮಿನಲ್ಲಿ ಜಾರಿದ್ದು."

"ಹೋದ ತಿಂಗಳೂ ಜಾರಿದ್ರಿ ಅಲ್ವೇ? ಆಗಲೂ ಎಡಗಡೇನೇ."

"ನಮ್ಮ ಬಾತ್‌ರೂಮಿಗೆ ಎಡಕ್ಕೆ ಇಳಿಜಾರು ಉಂಟು" ಎಂದ ಮೋಹನದಾಸ.

ಆ ಬಾತ್‌ರೂಮಿನ ಸರಿಯಾಗಿ ಕೆಳಗೆ ನಾರಾಯಣಸ್ವಾಮಿಯವರ ಬಾತ್‌ರೂಮು. ಅದಕ್ಕೆ ಯಾವ ಕಡೆಗೂ ಇಳಿಜಾರಿಲ್ಲವೆಂದು ಅವರು ಮಟ್ಟಗೋಲು ಇಟ್ಟು ನೋಡಿದ್ದರು. ಆ ರಾತ್ರಿಯಿಂದಲೇ ಒಂದು ನೋಟ್‌ಬುಕ್ಕು ಶುರುವಾಯಿತು. 'ಹನ್ನೊಂದು ನಲವತ್ತು: ಗಂಡನ ಏರುದನಿಯ ವಾದ, ಮೂರು ನಿಮಿಷ. ನಂತರ ಮೌನ. ನಂತರ ಏಟು, ಒಂದು. ನಂತರ ಗಂಡನ ಆರ್ತನಾದ.' ಹೀಗೆ ಒಂದು ರಾತ್ರಿಗೆ ಎರಡು ಪುಟ. ಎಂಜಿನ್ನಿನ ಸದ್ದಾಗಿದ್ದರೆ ಅವರು ಖಂಡಿತ ತಪ್ಪುತ್ತಿರಲಿಲ್ಲ. ಮನುಷ್ಯರ ವಿಷಯದಲ್ಲಿ ಅನುಭವ ಸ್ವಲ್ಪ ಕಡಿಮೆ.

ಅವರು ಹೆಂಡತಿ ಗಿರಿಜಮ್ಮನಿಗೆ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ, ಹೇಳಿದರು. ಗಿರಿಜಮ್ಮ ಅದೇ ಆಣೆಯನ್ನು ನಾಲ್ಕನೇ ಮಹಡಿಯ ಪಗಾರೆ ಕಾಕುವಿಗೂ ಹಾಕಿಸಿದರು. ಪಗಾರೆ ಕಾಕುವಿಗೆ ಆಣೆ ಪ್ರಮಾಣಗಳಲ್ಲಿ ನಂಬಿಕೆಯಿರಲಿಲ್ಲ.

ಕಾಕು ಹಿಂದೆ ಮುಂದೆ ನೋಡುವವಳಲ್ಲ. ಮಾಳಿಗೆಯ ಮೇಲೆ ಹರಿಣಾಕ್ಷಿ ಮೆಣಸು ಒಣಹಾಕುತ್ತಿದ್ದಾಗ ಹತ್ತಿರ ಹೋಗಿ ಕೂತಳು. ಬುದ್ಧಿ ಹೇಳಲೆಂದೇ ಬಂದಿದ್ದಳು. ಇಬ್ಬರ ಮಾತೂ ಮರಾಠಿಯಲ್ಲಿ, ಹರಿಣಾಕ್ಷಿಯದು ಅರೆಬರೆ ಮರಾಠಿಯಲ್ಲಿ. ಹರಿಣಾಕ್ಷಿ ಕಾಕುವಿಗೆ ವಹಿನಿ, ಅಂದರೆ ಅತ್ತಿಗೆ.

"ವಹಿನಿ, ಸಿಟ್ಟಾಗಬೇಡಿ. ರಾತ್ರಿ ಅಣ್ಣನಿಗೆ ನೀವು..." ಎಂದು ಕಾಕು ಮುಷ್ಟಿ ಕಟ್ಟಿ ತೋರಿಸಿದಳು.

ಗೊರಕೆ ನಾಲ್ಕನೇ ಮಹಡಿಗೂ ಕೇಳುತ್ತಿದೆ ಎಂದುಕೊಂಡು ಹರಿಣಾಕ್ಷಿ ನಾಚಿಕೆಯಿಂದ ತಲೆ ತಗ್ಗಿಸಿದಳು. "ನಿಮಗೂ ಕೇಳ್ತದಾ ಕಾಕು? ಎಂಥ ಮಾಡುದು, ಹೊಡೆಯದಿದ್ರೆ ಆಗುದಿಲ್ಲ."

"ದಿನಾ?"

"ದಿನಾ. ಕೆಲವು ರಾತ್ರಿ ಇಪ್ಪತ್ತು ಇಪ್ಪತ್ತೈದು ಸಲ."

"ಏತರಿಂದ?"

"ಮೊದಲೆಲ್ಲ ಕೈಯಿಂದ ತಳ್ತಿದ್ದೆ. ಅವರಿಗೆ ತಾಗುದೇ ಇಲ್ಲ. ಈಗ ಮೊಣಕೈ."

ಕಾಕು ಆ ಮೊಣಕೈಯನ್ನು ನೋಡಿದಳು. "ತಿರುಗಿ ಏನೂ ಅನ್ನೋದಿಲ್ವಾ?"

"ಅಯ್ಯೋ ಅಂತಾರೆ, ಆ ಕಡೆ ಹೊರಳ್ತಾರೆ, ಮಲಗ್ತಾರೆ. ಬೆಳಿಗ್ಗೆ ಕೇಳಿದ್ರೆ ಎಂಥದೂ ನೆನಪಿಲ್ಲ."

"ಪಾಪ ಅನ್ನಿಸೋದಿಲ್ವಾ ವಹಿನಿ?"

"ಪಾಪ ನಾನೇ" ಎಂದಳು ಹರಿಣಾಕ್ಷಿ ಮೆಣಸು ಹರಡುತ್ತ. "ಮೂರು ವರ್ಷ ಆಯ್ತು ಸರಿ ನಿದ್ರೆ ಇಲ್ಲದೆ. ಹೊಡೆದು ಹೊಡೆದು ಈ ರಟ್ಟೆಯೇ ಬಿದ್ದುಹೋಗಿದೆ."

ಬುದ್ಧಿ ಹೇಳಲು ಬಂದಿದ್ದ ಕಾಕು ಬುದ್ಧಿ ಕಲಿತವಳಂತೆ ಎದ್ದು ಹೋದಳು. ಅಂದು ಸಂಜೆ ಅವಳ ಗಂಡ ಪಗಾರೆ ಕಾಕಾ, ಯಾರೂ ಹೇಳದೆ, ತಾವಾಗಿಯೇ ಕಸದ ಡಬ್ಬಿ ಹಿಡಿದು ಕೆಳಗಿಳಿದು ಬಂದದ್ದನ್ನು ವಾಚ್‌ಮನ್ ನೋಡಿದ.

ಕಟ್ಟಡ ಎರಡು ಪಕ್ಷವಾಯಿತು. ಗಂಡಸರೆಲ್ಲ ಮೋಹನದಾಸನನ್ನು ಕಂಡರೆ ಸಾವಿನ ಮನೆಯಲ್ಲಿ ಭೇಟಿಯಾದಂತೆ ಭುಜ ತಟ್ಟಿ ಹೋಗುತ್ತಿದ್ದರು. ತಟ್ಟಿದ ಭುಜ ಆ ವಾರವಿಡೀ ನೋಯುತ್ತಿತ್ತು. ಹೆಂಗಸರಲ್ಲಿ ಹೆಚ್ಚಿನವರು ಹರಿಣಾಕ್ಷಿಯ ಜೊತೆ ಮಾತು ಕಡಿಮೆ ಮಾಡಿದರು. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಮೂರನೇ ಮಹಡಿಯ ಗಂಟೆಯನ್ನು ಯಾರೂ ಒತ್ತಲಿಲ್ಲ. ಮರೆತಿರಬೇಕು ಎಂದುಕೊಂಡು ಅವಳು ಎಳ್ಳುಂಡೆ ಕಟ್ಟಿ ಡಬ್ಬಿಯಲ್ಲಿ ಹಾಗೆಯೇ ಇಟ್ಟಳು.

ನಾರಾಯಣಸ್ವಾಮಿಯವರ ಆತ್ಮಸಾಕ್ಷಿ ಇಷ್ಟಕ್ಕೆ ಸುಮ್ಮನಾಗಲಿಲ್ಲ. ಹವಾಲ್ದಾರ್ ಬೋರಸ್ತೆಯ ಕಿವಿಗೂ ಹಾಕಿದರು. ಬೋರಸ್ತೆ ದಿನಾ ಮಧ್ಯಾಹ್ನ ಮೋಹನದಾಸನ ಹೋಟೆಲಿನಲ್ಲೇ ಚಹಾ ಕುಡಿಯುವವನು. ದೊಡ್ಡ ಮೀಸೆ, ಮೃದು ಮನಸ್ಸು. ಮರುದಿನ ಮೂರು ಗಂಟೆಗೆ ಚಹಾದ ಲೋಟ ಹಿಡಿದು ಗಲ್ಲೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡ.

"ಅಣ್ಣಾ, ನಾನು ಡ್ಯೂಟಿ ಮೇಲೆ ಬಂದಿಲ್ಲ. ಗೆಳೆಯ ಅಂತ ಕೇಳ್ತೀನಿ. ಗಂಡಸು ಇಂಥದ್ದನ್ನೆಲ್ಲ ಹೇಳಿಕೊಳ್ಳೋಕೆ ನಾಚಿಕೊಳ್ಳಬಾರದು."

ಮೋಹನದಾಸ ಟೋಕನ್ ಡಬ್ಬಿಯ ಮುಚ್ಚಳ ಹಾಕಿದ. ಗೊರಕೆ ಪೊಲೀಸ್ ಠಾಣೆಯವರೆಗೂ ಹೋಗಿದೆ. "ಯಾರು ಹೇಳಿದ್ದು?"

"ಎಲ್ಲರಿಗೂ ಗೊತ್ತಿದೆ."

ಇನ್ನು ಬಾಯಿ ಬಿಡಬಾರದು ಎಂದು ಮೋಹನದಾಸ ನಿರ್ಧರಿಸಿದ. ಸುಮ್ಮನೆ ಕೂತ. ಮೂರು ಗಂಟೆಯ ಹೊತ್ತು, ಮೇಲೆ ಫ್ಯಾನು, ಎದುರಿಗೆ ಮೆಲುದನಿ. ಸುಮ್ಮನೆ ಕೂತದ್ದೇ ತಪ್ಪಾಯಿತು. ಯೋಚನೆ ಬಂದುಬಿಟ್ಟಿತು.

"ಮನೇಲಿ ಹೊಡೀತಾರಾ?" ಎಂದ ಬೋರಸ್ತೆ.

ಮೋಹನದಾಸನ ತಲೆ ನಿಧಾನವಾಗಿ ಮುಂದಕ್ಕೆ ಬಾಗಿ, ಮತ್ತೆ ಎದ್ದಿತು.

"ದಿನಾ?"

ತಲೆ ಮತ್ತೊಮ್ಮೆ ಬಾಗಿತು, ಈ ಸಲ ಇನ್ನೂ ಆಳಕ್ಕೆ.

"ಕಂಪ್ಲೇಂಟು ಬರೆದುಕೊಳ್ಳಲಾ?"

ಅಷ್ಟರಲ್ಲಿ ಮೋಹನದಾಸನ ಕನಸಿನಲ್ಲಿ ಯಾರೋ ಕೊಳೆತ ಈರುಳ್ಳಿಯ ಚೀಲ ಇಳಿಸತೊಡಗಿದ್ದರು. "ಬೇಡ, ಬೇಡ, ನಂಗೆ ಬೇಡ" ಎನ್ನುತ್ತ ಅವನು ಕಣ್ಣು ಬಿಟ್ಟ. ಕಣ್ಣು ಕೆಂಪಗಿತ್ತು. ಬೋರಸ್ತೆ ಕರವಸ್ತ್ರ ತೆಗೆದು ತನ್ನ ಕಣ್ಣು ಒರೆಸಿಕೊಂಡ. ಸಹಿಸುವವರು ಯಾವತ್ತೂ ದೂರು ಕೊಡುವುದಿಲ್ಲ, ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಕಂಡ ಸತ್ಯ ಇದು.

ಠಾಣೆ ಬೇಡವೆಂದ ಮೇಲೆ ಉಳಿದದ್ದು ಬಂಧುಗಳು. ಹರಿಣಾಕ್ಷಿಯ ಅಣ್ಣ ಸದಾನಂದ ಸಂಭಾಜಿನಗರದಲ್ಲಿ ಹೋಟೆಲು ನಡೆಸುತ್ತಿದ್ದ. ನಾರಾಯಣಸ್ವಾಮಿಯವರು ಅವನ ನಂಬರು ಹುಡುಕಿ, ನೋಟ್‌ಬುಕ್ಕಿನಿಂದ ಆಯ್ದ ಭಾಗಗಳನ್ನು ಫೋನಿನಲ್ಲಿ ಓದಿದರು. ತಂಗಿ ಹೀಗೆಂದು ಸದಾನಂದ ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಬಾಲ್ಯದಲ್ಲಿ ಒಂದು ಪೇರಳೆ ಹಣ್ಣಿಗಾಗಿ ಅವಳು ತನ್ನ ಕೈ ಕಚ್ಚಿದ್ದು ಅವನಿಗೆ ನೆನಪಾಯಿತು. ಮರುದಿನವೇ ಕಾರು ತೆಗೆದುಕೊಂಡು ಬಂದ.

"ನಮ್ಮ ಊರಲ್ಲಿ ನೋವಿಗೇ ಒಬ್ಬರು ಡಾಕ್ಟ್ರು ಇದ್ದಾರೆ" ಎಂದ, ತಂಗಿಯ ಮುಖ ನೋಡದೆ. "ಭಾವ ಎಂಟು ದಿನ ನನ್ನ ಹತ್ರ ಇರ್ಲಿ."

"ಒಳ್ಳೇದೇ. ಆದ್ರೆ ರಾತ್ರಿ ಯಾರು ನೋಡ್ಕೊಳ್ಳುದು?"

"ರಾತ್ರಿ ಅವ ಸ್ವಲ್ಪ ನೆಮ್ಮದಿಯಲ್ಲಿ ಇರ್ಲಿ ಹರಿಣಾ."

"ನೆಮ್ಮದಿ ಅಲ್ಲ ಅಣ್ಣ, ಹೊಡೆಯದಿದ್ರೆ ಅವರಿಗೆ..."

ಸದಾನಂದ ಕಾರಿನ ಬಾಗಿಲು ಹಾಕಿಕೊಂಡ. ಗಾಜೂ ಏರಿಸಿದ. ಹಿಂದಿನ ಸೀಟಿನಲ್ಲಿ ಮೋಹನದಾಸ ಆಗಲೇ ಯೋಚನೆಗೆ ಕೂತಿದ್ದ.

ಆ ರಾತ್ರಿ ಎರಡು ಗಂಟೆಗೆ ಹರಿಣಾಕ್ಷಿಯ ಫೋನು ರಿಂಗಾಯಿತು. ಅವಳಿಗೆ ನಿದ್ರೆ ಬಂದಿರಲಿಲ್ಲ. ಬಂದಾಗಲೆಲ್ಲ ಮನೆಯ ಮೌನಕ್ಕೆ ಬೆಚ್ಚಿ ಎದ್ದು, ಹತ್ತು ಎಣಿಸಿ, ಖಾಲಿ ದಿಂಬಿಗೆ ತಿವಿಯುತ್ತಿದ್ದಳು.

"ಹರಿಣಾ" ಎಂದ ಸದಾನಂದ. "ಭಾವನ ಉಸಿರು ನಿಂತಿದೆ."

"ಎಷ್ಟು ಹೊತ್ತಾಯ್ತು?"

"ಎಷ್ಟು ಹೊತ್ತು ಅಂದ್ರೆ? ನಿಂತಿದೆ ಹೇಳಿದ್ದು."

"ಪಕ್ಕೆಗೆ ಮೊಣಕೈ ಹಾಕು. ಎಡಪಕ್ಕೆ."

"ಹೊಡೆಯುದಾ?"

"ಮತ್ತೆ ಮಂಗಳಾರತಿ ಎತ್ತುದಾ? ಹೊಡಿ."

ದಢ್ ಎಂಬ ಸದ್ದು, ಅಯ್ಯೋ ಎಂಬ ಉದ್ಗಾರ, ಅದರ ಹಿಂದೆಯೇ ಲಾರಿ. ಹರಿಣಾಕ್ಷಿ ಕೇಳಿಸಿಕೊಂಡು, "ಸರಿ ಆಯ್ತು. ಇನ್ನು ಕಾಲು ಗಂಟೆಗೆ ಪುನಃ ಆಗ್ತದೆ, ಮಲಗ್ಬೇಡ" ಎಂದು ಫೋನಿಟ್ಟಳು. ಅವಳಿಗೆ ಅಂದು ಸ್ವಲ್ಪ ನಿದ್ರೆ ಬಂತು. ಸದಾನಂದ ಮಂಚದ ಮೇಲೆ ಎದ್ದು ಕೂತು ಬೆಳಗಿನವರೆಗೆ ಎಣಿಸಿದ. ತಂಗಿ ಮೂರು ವರ್ಷದಿಂದ ಮಾಡುತ್ತಿದ್ದ ಕೆಲಸ ಯಾವುದೆಂದು ಅವನಿಗೆ ನಾಲ್ಕು ಗಂಟೆಯ ಹೊತ್ತಿಗೆ ಅರ್ಥವಾಯಿತು.

ಮೂರು ರಾತ್ರಿಯಲ್ಲಿ ಸದಾನಂದನ ಕುತ್ತಿಗೆ ತಿರುಗದಾಯಿತು. ಹೆಗಲು, ಸೊಂಟ, ಮೀನಖಂಡ ಒಂದೊಂದಾಗಿ ಹಿಡಿದುಕೊಂಡವು. ನಾಲ್ಕನೇ ದಿನ ಭಾವ ಮೈದುನ ಇಬ್ಬರೂ ಒಬ್ಬರನ್ನೊಬ್ಬರು ಆತುಕೊಂಡು ದವಾಖಾನೆಯ ಮೆಟ್ಟಿಲು ಹತ್ತುವಾಗ, ರೋಗಿ ಯಾರೆಂದು ಕೌಂಟರಿನ ಹುಡುಗಿಗೆ ತಿಳಿಯದೆ ಇಬ್ಬರ ಹೆಸರಲ್ಲೂ ಚೀಟಿ ಬರೆದಳು.

ಡಾಕ್ಟರ್ ಭಾರ್ಗವಿ ಧಾರವಾಡದವರು. ಕನ್ನಡದವರು ಬಂದರೆ ಕುರ್ಚಿ ತಾವೇ ಎಳೆದು ಕೊಡುವವರು. ಮೋಹನದಾಸ ಮೂರು ವರ್ಷದ ಫೈಲನ್ನು ಮೇಜಿನ ಮೇಲಿಟ್ಟ. ಅವರು ಅದನ್ನು ಪಕ್ಕಕ್ಕೆ ಸರಿಸಿದರು.

"ಇದನ್ನ ಆಮ್ಯಾಲೆ ನೋಡ್ತೀನಿ. ರಾತ್ರಿ ನಿದ್ದಿ ಹೆಂಗದರಿ?"

"ನಂಗೆ ನಾಲ್ಕು ಗಂಟೆ ಸಾಕು ಡಾಕ್ಟ್ರೇ."

"ಗೊರಕಿ?"

"ಇಲ್ಲ."

ಪಕ್ಕದಲ್ಲಿ ಸದಾನಂದ ಕುತ್ತಿಗೆ ಹಿಡಿದುಕೊಂಡೇ ನರಳಿದ. ಡಾಕ್ಟರು ಅವನ ಕಡೆ ತಿರುಗಿದರು. "ರಾತ್ರಿ ಇವರ ಬಾಜೂಕ ಮಕ್ಕೊಳ್ಳೋರು ಯಾರು?"

"ಸದ್ಯಕ್ಕೆ ನಾನು" ಎಂದ ಸದಾನಂದ. ಆಮೇಲೆ ಮೂರು ರಾತ್ರಿಯ ಕಥೆಯನ್ನು ಒಂದೇ ಉಸಿರಿಗೆ ಹೇಳಿದ. ಮೋಹನದಾಸ ಬೇರೆ ಯಾರದೋ ಕಥೆಯೆಂಬಂತೆ ಕಿಟಕಿಯಾಚೆ ನೋಡುತ್ತಿದ್ದ.

ಅವನ ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಒಂದು ರಾತ್ರಿ ದವಾಖಾನೆಯಲ್ಲೇ ಮಲಗಿಸಿದರು. ಬೆಳಿಗ್ಗೆ ಡಾಕ್ಟರು ಉದ್ದನೆಯ ಕಾಗದ ಹಿಡಿದು ಬಂದು ಕೂತರು. ಇದನ್ನು ಲಾರಿ ಎನ್ನುವಂತಿರಲಿಲ್ಲ.

"ಗಂಟೆಕ್ಕ ಮೂವತ್ತೆಂಟು ಸಲ ನಿಮ್ಮ ಉಸಿರು ನಿಂತದ. ಅಷ್ಟೂ ಸಲ ಮಿದುಳು ನಿಮ್ಮನ್ನ ಎಬ್ಬಿಸೇದ. ನಿಮಗ ಗೊತ್ತಾಗಿಲ್ಲ, ಅಷ್ಟ. ನೀವು ಮಲಗಿದ್ದು ಏಳು ತಾಸು, ಗಟ್ಟಿ ನಿದ್ದಿ ಮಾಡಿದ್ದು ಅರ್ಧಾ ತಾಸೂ ಇಲ್ಲ ಅನ್ಕೋರಿ."

"ನನ್ನ ತೊಂದರೆ ನೋವು ಡಾಕ್ಟ್ರೇ. ನಿದ್ರೆ ಅಲ್ಲ."

"ಅವೆರಡೂ ಕೈ ಕೈ ಹಿಡಕೊಂಡ ಅಡ್ಡಾಡ್ತಾವ್ರಿ. ಮೈ ರಿಪೇರಿ ಆಗೂದು ನಿದ್ದಿಯೊಳಗ. ನಿಮ್ಮ ರಿಪೇರಿ ಅಂಗಡಿ ಮೂರು ವರ್ಷದಿಂದ ಬಾಗಲಾ ತಗದಿಲ್ಲ. ನಿದ್ದಿಗೆಟ್ಟ ಮೈಗೆ ಸಣ್ಣ ನೋವೂ ದೊಡ್ಡದಾಗಿ ಕೇಳ್ತದ. ನೋವು ಹೆಚ್ಚಾದ್ರ ನಿದ್ದಿ ಮತ್ತ ಕೆಡ್ತದ."

ಮೋಹನದಾಸ ಬೆರಳಿಗೆ ಉಳಿದಿದ್ದ ವೈರಿನ ಅಂಟನ್ನು ಉಜ್ಜಿದ. "ಅಂದ್ರೆ ನನ್ನ ನೋವು ಸುಳ್ಳಾ?"

"ಯಾರು ಹೇಳಿದ್ರು? ನೋವು ಖರೇನ ಅದ."

ಮೂರು ವರ್ಷದಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಬಹಳ ಹೊತ್ತು ಒರೆಸಿದ.

"ಮಾರಿಗೆ ಹಾಕ್ಕೊಳ್ಳೂ ಒಂದು ಮಷೀನ್ ಕೊಡ್ತೀನಿ, ಗಾಳಿ ಒತ್ತತದ, ಗಂಟಲು ಮುಚ್ಚೂದಿಲ್ಲ. ನೋವೆಲ್ಲ ನಾಳೆ ಮಾಯ ಆಗ್ತದ ಅಂತ ಹೇಳೂದಿಲ್ಲ ಮತ್ತ. ಕಡಿಮಿ ಆಗಬಹುದು. ನಡೀಬೇಕು, ತೂಕ ಇಳಿಸಬೇಕು. ಮೊದಲ ಮನಿಯವರನ್ನ ಕರಸ್ರಿ."

ಹರಿಣಾಕ್ಷಿ ಮರುದಿನದ ಬೆಳಗಿನ ರೈಲಿಗೆ ಬಂದಳು. ಹೊರಗಿನ ಬೆಂಚಿನ ಮೇಲೆ ಸದಾನಂದ, ನೆಲ ನೋಡುತ್ತ, ತನಗೆ ಬಂದ ಫೋನು, ನೋಟ್‌ಬುಕ್ಕು, ಹವಾಲ್ದಾರ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದ. ಅವಳು ಕೂಗಾಡಲಿಲ್ಲ.

"ಹೊಡೆಯುದು ಹೌದಲ್ಲ" ಎಂದಳು. ಆಮೇಲೆ, "ಅದಕ್ಕೇ ಹಳದಿ-ಕುಂಕುಮಕ್ಕೆ ಕರೀಲಿಲ್ಲ" ಎಂದಳು.

ಪಕ್ಕದಲ್ಲಿ ಕೂತಿದ್ದ ಮೋಹನದಾಸನಿಗೆ, ಅಪರೂಪಕ್ಕೆ, ನಿದ್ರೆ ಬರಲಿಲ್ಲ.

ಒಳಗೆ ಡಾಕ್ಟರು ಮಷೀನಿನ ಬಗ್ಗೆ ಎಲ್ಲ ಹೇಳಿ ಮುಗಿಸಿ, "ನಿಮಗ ಎಲ್ಲೆರೆ ನೋವದ ಏನ್ರಿ?" ಎಂದು ಕೇಳಿದರು.

ಹರಿಣಾಕ್ಷಿ ಹಿಂದೆ ಯಾರಾದರೂ ಬಂದು ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು.

"ನಿಮಗ ಕೇಳಿದ್ದು."

"ಒಂದು ಮನೆಗೆ ಒಬ್ಬ ರೋಗಿ ಸಾಕು ಡಾಕ್ಟ್ರೇ."

"ಆದ್ರೂ ಹೇಳ್ರಿ."

ಅವಳು ಕುತ್ತಿಗೆಯಿಂದ ಶುರು ಮಾಡಿದಳು. ಹೆಗಲು, ರಟ್ಟೆ, ಬೆನ್ನಿನ ಮೂಳೆ, ಸೊಂಟ. ಹಿಮ್ಮಡಿ ತಲುಪಲು ಹತ್ತು ನಿಮಿಷ ಹಿಡಿಯಿತು. ಮೋಹನದಾಸ ಕೇಳುತ್ತಲೇ ಇದ್ದ. ಪಟ್ಟಿಯಲ್ಲಿ ಅವನಿಗೆ ಗೊತ್ತಿಲ್ಲದ ಒಂದು ಜಾಗವೂ ಇರಲಿಲ್ಲ.

"ಮನೆಯಲ್ಲಿ ಹೇಳಲೇ ಇಲ್ಲ" ಎಂದ ಕೊನೆಗೆ.

"ನೀವು ಹೇಳಿ ಮುಗಿಸಿದ ಮೇಲೆ ಹೇಳುವ ಅಂತ ಇದ್ದೆ" ಎಂದಳು ಹರಿಣಾಕ್ಷಿ. "ನಿಮ್ಮದು ಮುಗೀಲಿಲ್ಲ."

ಡಾಕ್ಟರು ಎರಡನೆಯ ಚೀಟಿ ತೆಗೆದು ಬರೆದರು. "ಇವರದು ರೋಗ, ನಿಮ್ಮದು ಕಾವಲು. ಮೂರು ವರ್ಷ ರಾತ್ರಿ ಪಾಳಿ ಮಾಡೀರಿ. ಮೊದಲ ಮಲಗ್ರಿ."

ನಾಸಿಕಕ್ಕೆ ಮರಳಿದ ಭಾನುವಾರವೇ ಸೊಸೈಟಿಯ ಸಭೆ. ನೀರಿನ ಟ್ಯಾಂಕು, ಲಿಫ್ಟಿನ ಬಾಗಿಲು ಎಲ್ಲ ಮುಗಿದು ಐದನೆಯ ವಿಷಯ ಬಂತು. ಕ್ರಮಪಟ್ಟಿಯಲ್ಲಿ ಅದಕ್ಕೆ 'ಇತರೆ' ಎಂದು ಹೆಸರಿತ್ತು. ಮೂಲೆಯಲ್ಲಿ ಬೋರಸ್ತೆ ಸಾದಾ ಬಟ್ಟೆಯಲ್ಲಿ ಕೂತಿದ್ದ. ನಾರಾಯಣಸ್ವಾಮಿಯವರು ಗಂಟಲು ಸರಿಪಡಿಸಿಕೊಂಡು ನೋಟ್‌ಬುಕ್ಕು ತೆರೆದರು.

"ನಾನೇ ಹೇಳ್ತೇನೆ" ಎಂದು ಮೋಹನದಾಸ ಎದ್ದು ನಿಂತ. ನಿಲ್ಲಲು ಮೊಣಕಾಲು ಸ್ವಲ್ಪ ಸಮಯ ತೆಗೆದುಕೊಂಡಿತು. ಮೂವತ್ತು ಮನೆಯವರು ನೋಡುತ್ತಿದ್ದರು. ಮದುವೆಮನೆಯ ಚಾಪೆಯ ಸುತ್ತ ನಿಂತವರಿಗಿಂತ ಹೆಚ್ಚೇ ಇದ್ದರು. ಕನ್ನಡದಲ್ಲಿ ಹೇಳಲು ಆಗುವುದಿಲ್ಲ ಎನ್ನಿಸಿ ಮರಾಠಿಯಲ್ಲೇ ಹೇಳಿದ.

"ಮೀ ಘೋರತೋ." ಅಂದರೆ, ನಾನು ಗೊರಕೆ ಹೊಡೆಯುತ್ತೇನೆ.

ನಾರಾಯಣಸ್ವಾಮಿಯವರು ಪುಟ ತಿರುವಿದರು. "ಹಾಗಾದ್ರೆ ಹನ್ನೊಂದು ನಲವತ್ತರ ವಾದ?"

"ಅದು ನಾನು."

"ಮೂರು ನಿಮಿಷ ಇತ್ತಲ್ಲ."

"ಮೂರೂ ನಿಮಿಷ ನಾನೇ. ಮತ್ತೆ ಉಸಿರು ನಿಲ್ತದೆ. ಅದು ನೀವು ಬರೆದ ಮೌನ."

"ಅಂದ್ರೆ ವಹಿನಿ ಹೊಡೆಯೋದು..." ಎಂದ ಬೋರಸ್ತೆ.

"ನಾನು ಸಾಯಬಾರದು ಅಂತ" ಎಂದು ಮೋಹನದಾಸ ಕೂತ. ಕೂತ ಮೇಲೆ, ಯಾರಿಗೂ ಅಲ್ಲದಂತೆ, "ಬಾತ್‌ರೂಮಿಗೆ ಇಳಿಜಾರು ಇಲ್ಲ" ಎಂದೂ ಸೇರಿಸಿದ.

ನಾರಾಯಣಸ್ವಾಮಿಯವರು ಪೆನ್ನು ತೆಗೆದು ಒಂದೊಂದೇ ಪುಟವನ್ನು ಅಡ್ಡಗೆರೆ ಎಳೆದು ರದ್ದು ಮಾಡಿ, ಪ್ರತಿ ಗೆರೆಯ ಕೆಳಗೂ ಸಹಿ ಹಾಕಿದರು; ಕಾರ್ಖಾನೆಯಲ್ಲಿ ತಪ್ಪು ವರದಿಯನ್ನು ಹಾಗೆಯೇ ರದ್ದು ಮಾಡುವುದಂತೆ. "ಎಂಜಿನ್ ಅಂತಲೇ ಕೇಳಿಸ್ಕೊಂಡಿದ್ರೆ ಹೇಳ್ಬಿಡ್ತಿದ್ದೆ" ಎಂದು ಗಿರಿಜಮ್ಮನ ಹತ್ತಿರ ಆಮೇಲೆ ಮೂರು ದಿನ ಕೊರಗಿದರು. ಪಗಾರೆ ಕಾಕು ಸಭೆಯಲ್ಲಿ ಏನಾಯಿತೆಂದು ಮನೆಯಲ್ಲಿ ಗಂಡನಿಗೆ ಹೇಳಲಿಲ್ಲ. ಅವಳ ಮನೆಯಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು.

ಮಷೀನಿಗೆ ಒಗ್ಗಿಕೊಳ್ಳಲು ಮೋಹನದಾಸನಿಗೆ ಹದಿನೈದು ದಿನ ಬೇಕಾಯಿತು. ಮೊದಲ ರಾತ್ರಿ ಮುಖವಾಡ ಮೂಗಿನಿಂದ ಜಾರಿ ಕಿವಿಗೆ ಗಾಳಿ ಊದಿತು. ಎರಡನೇ ರಾತ್ರಿ ಅವನೇ ಕಿತ್ತು ದಿಂಬಿನ ಕೆಳಗಿಟ್ಟ. ಹರಿಣಾಕ್ಷಿ ಮತ್ತೆ ಹಾಕಿದಳು. ಸದ್ದಿಲ್ಲದ ಗಂಡನ ಪಕ್ಕದಲ್ಲಿ ಮಲಗುವುದು ಅವಳಿಗೂ ಬರುತ್ತಿರಲಿಲ್ಲ. ಎಷ್ಟೋ ಸಲ ಎದ್ದು ಅವನ ಎದೆಯ ಮೇಲೆ ಕೈಯಿಟ್ಟು, ಏರುತ್ತಿದೆ ಎಂದು ಖಾತ್ರಿ ಮಾಡಿಕೊಂಡು, ನಂಬಿಕೆ ಬಾರದೆ ಮತ್ತೊಮ್ಮೆ ಇಡುತ್ತಿದ್ದಳು. ಹೋಟೆಲಿನಲ್ಲಿ "ಅಣ್ಣಾ, ಇವತ್ತು ಎಲ್ಲಿ?" ಎಂದು ಕೇಳಿದರೆ ಅವನು ಯೋಚಿಸಿ ಹೇಳಬೇಕಾಯಿತು. ಹೆಗಲು ಬಿಟ್ಟಿತ್ತು. ಸೊಂಟ ಬಿಟ್ಟಿರಲಿಲ್ಲ. ಮೊಣಕಾಲು ಒಂದು ದಿನ ಹೌದು, ಒಂದು ದಿನ ಇಲ್ಲ. ಮಧ್ಯಾಹ್ನ ಮೂರಕ್ಕೆ ಎಚ್ಚರವಾಗಿರುವುದು ಹೊಸದಾದ್ದರಿಂದ, ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯದೆ ಅವನು ಸಕ್ಕರೆ ಡಬ್ಬಿಗಳನ್ನು ಒರೆಸತೊಡಗಿದ.

ರಥಸಪ್ತಮಿಗೆ ಮೊದಲಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಪಗಾರೆ ಕಾಕು ಬಂದು ಗಂಟೆ ಒತ್ತಿದಳು. ಸಂಕ್ರಾಂತಿಯ ಹಳದಿ-ಕುಂಕುಮ ರಥಸಪ್ತಮಿಯವರೆಗೂ ನಡೆಯುವುದರಿಂದ ಕರೆಯಲು ಇನ್ನೂ ದಿನವಿತ್ತು. ಮೋಹನದಾಸ ಬಾಗಿಲು ತೆಗೆದು ತುಟಿಯ ಮೇಲೆ ಬೆರಳಿಟ್ಟ.

"ಮಲಗಿದ್ದಾಳೆ."

ಹರಿಣಾಕ್ಷಿ ಒಂಬತ್ತು ಗಂಟೆಯವರೆಗೆ ಮಲಗಿದ್ದನ್ನು ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. ಕಾಕು ಅವನ ಮುಖವನ್ನೂ, ಅವನ ಹಿಂದಿನ ಮುಚ್ಚಿದ ಬಾಗಿಲನ್ನೂ ನೋಡಿ, ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತಳು. ಹತ್ತಕ್ಕೆ ಅವಳನ್ನು ಹುಡುಕುತ್ತ ಗಿರಿಜಮ್ಮ ಬಂದರು. ಅವರನ್ನು ಹುಡುಕುತ್ತ ನಾರಾಯಣಸ್ವಾಮಿಯವರು. ಮೋಹನದಾಸ ಎಲ್ಲರಿಗೂ ಮಲಗಿದ್ದಾಳೆ ಎಂದೇ ಹೇಳಿದ. ಹೇಳಿದಷ್ಟೂ, ಒಳಗೆ ಅವಳಿಗೇನೋ ಆಗಿದೆ ಎಂದು ಅವರ ಮುಖ ಗಂಭೀರವಾಯಿತು. ಹನ್ನೊಂದಕ್ಕೆ ದಾರಿಯಲ್ಲಿ ಹೋಗುತ್ತಿದ್ದ ಬೋರಸ್ತೆಯನ್ನು ಬಾಲ್ಕನಿಯಿಂದ ಕಾಕು ಕೈ ಮಾಡಿ ಕರೆದಳು. ಅವನೂ ಬಂದು ಟೋಪಿ ಮಡಿಲಲ್ಲಿಟ್ಟುಕೊಂಡು ಕೂತ. ಎಬ್ಬಿಸಿ ಎಂದು ಯಾರೂ ಹೇಳಲಿಲ್ಲ. ಹೋಗುತ್ತೇವೆ ಎಂದೂ ಹೇಳಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಕೋಣೆಯ ಬಾಗಿಲು ತೆರೆಯಿತು. ಹರಿಣಾಕ್ಷಿ ಬಿಚ್ಚಿದ ಕೂದಲಿನಲ್ಲಿ, ಕೆನ್ನೆಯ ಮೇಲೆ ದಿಂಬಿನ ಗೆರೆಗಳೊಂದಿಗೆ ಬಂದು ನಿಂತಳು. ಸಾಲಾಗಿ ಕೂತ ಮುಖಗಳನ್ನು ನೋಡಿದಳು.

"ಯಾರಿಗೆ ಎಂಥ ಆಯ್ತು?"

"ಯಾರಿಗೂ ಎಂಥದೂ ಆಗ್ಲಿಲ್ಲ" ಎಂದ ಮೋಹನದಾಸ. "ಕೂತ್ಕೋ. ಚಹಾ ತರ್ತೇನೆ."

ಅವನು ಮಾಡಿದ ಚಹಾ ಸಕ್ಕರೆ ಹೆಚ್ಚಾಗಿ ಪಾನಕದಂತಿತ್ತು. ಅವಳು ಮೂಲೆಯ ಕುರ್ಚಿಯಲ್ಲಿ ಕೂತು ಎರಡು ಗುಟುಕು ಕುಡಿದಳು. ಕಾಕು ಕುಂಕುಮದ ವಿಷಯ ತೆಗೆದು, ಮಂಗಳವಾರ ಸಂಜೆ, ನೀವೇ ಮೊದಲು ಬರಬೇಕು ವಹಿನಿ ಎಂದಳು. ಹರಿಣಾಕ್ಷಿಯ ಕೈಯಲ್ಲಿ ಲೋಟ ಓರೆಯಾಗುತ್ತಿತ್ತು. ಮೋಹನದಾಸ ಮೆಲ್ಲಗೆ ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡ. ಹರಿಣಾಕ್ಷಿಯ ತಲೆ ಗೋಡೆಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಬರುತ್ತ ಹೋಗುತ್ತ ಇತ್ತು.

ಸಂದರ್ಶಕರು ಒಬ್ಬೊಬ್ಬರಾಗಿ ಎದ್ದರು. ಬಾಗಿಲ ಬಳಿ ಬಗ್ಗಿ, ತಮ್ಮ ತಮ್ಮ ಚಪ್ಪಲಿಗಳನ್ನು ಕೈಗೆತ್ತಿಕೊಂಡರು. ಬೋರಸ್ತೆ ಬೂಟಿನ ಲೇಸುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಹಾಗೆ ಬರಿಗಾಲಲ್ಲಿ, ಗೋಡೆ ಹಿಡಿದುಕೊಂಡು, ಕಾಕು ಮೇಲಕ್ಕೆ, ಉಳಿದ ಮೂವರು ಕೆಳಕ್ಕೆ, ಸದ್ದಿಲ್ಲದೆ ಮೆಟ್ಟಿಲು ಹಿಡಿದರು.